ಎದೆಹಾಲಿನ ಮೇಲೆ ಬಂದ ಅನುಮಾನ: ಒಂದು ಚರಿತ್ರೆ

ಒಂಬತ್ತನೆಯ ತರಗತಿಯಲ್ಲಿ ಹಜ್ರತ್ ಹಲೀಮಾ ಸಾದಿಯಾ (ರ) ಅವರ ವೃತ್ತಾಂತವನ್ನು ಹೇಳುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಮಿಸ್, ಆಸ್ಪತ್ರೆಯ ಗೋಡೆಯ ಮೇಲೆ ಎಚ್.ಐ.ವಿ. ತಾಯಿಯ ಹಾಲಿನಿಂದಲೂ ಬರುತ್ತದೆ ಎಂದು ಬರೆದಿದೆ. ಎರಡು ವರ್ಷ ಹಾಲು ಕುಡಿಸಬೇಕು ಎಂದು ಕುರ್‌ಆನಿನಲ್ಲಿದೆ. ಹಾಗಾದರೆ ಅಂಥ ತಾಯಿ ಏನು ಮಾಡಬೇಕು?" ಎಂದು ಕೇಳಿದಳು. ತರಗತಿಯಲ್ಲಿ ಕೆಲವರು ಮುಸಿಮುಸಿ ನಕ್ಕರು. ನನಗೆ ನಗು ಬರಲಿಲ್ಲ, ಉತ್ತರವೂ ಗೊತ್ತಿರಲಿಲ್ಲ. ನಾನು ಭಾಷಾ ಶಿಕ್ಷಕಿ, ವೈದ್ಯೆಯೂ ಅಲ್ಲ, ಆಲಿಮಳೂ ಅಲ್ಲ. ಆದರೂ ಆ ಪ್ರಶ್ನೆಯ ಬೆನ್ನು ಹಿಡಿದು ಓದುತ್ತಾ ಹೋದಾಗ ಒಂದು ವಿಷಯ ತಿಳಿಯಿತು. ಆ ಹುಡುಗಿ ಕೇಳಿದ ಪ್ರಶ್ನೆಯನ್ನೇ ಜಗತ್ತಿನ ದೊಡ್ಡ ದೊಡ್ಡ ವೈದ್ಯರು ಸುಮಾರು ಮೂವತ್ತು ವರ್ಷ ಕೇಳಿಕೊಂಡಿದ್ದರು. ಅವರ ಉತ್ತರ ಹಲವು ಬಾರಿ ಬದಲಾಯಿತು. ಆ ಬದಲಾವಣೆಗಳ ಮಧ್ಯೆ ಎಷ್ಟೋ ಮಕ್ಕಳು ತೀರಿಕೊಂಡವು. ಅದರ ಚರಿತ್ರೆಯನ್ನು ಇಲ್ಲಿ ಬರೆಯಲು ಪ್ರಯತ್ನಿಸಿದ್ದೇನೆ.

ಮೊದಲು ನಮ್ಮ ಮನೆಯ ಮಾತು. ಇಸ್ಲಾಮಿನಲ್ಲಿ ಹಾಲುಣಿಸುವುದು ಕೇವಲ ಆಹಾರದ ವಿಷಯವಲ್ಲ, ಅದು ಸಂಬಂಧದ ವಿಷಯವೂ ಹೌದು. ಒಂದೇ ತಾಯಿಯ ಹಾಲು ಕುಡಿದು ಬೆಳೆದವರನ್ನು ನಮ್ಮಲ್ಲಿ 'ದೂಧ್ ಷರೀಕ್' ಅಣ್ಣ ತಂಗಿಯರು ಎನ್ನುತ್ತೇವೆ, ಅವರ ನಡುವೆ ನಿಕಾಹ್ ಆಗುವಂತಿಲ್ಲ. ಪ್ರವಾದಿ ಮುಹಮ್ಮದ್ (ಸ) ಅವರಿಗೆ ಮೊದಲು ಸುವೈಬಾ, ಆನಂತರ ಬನೂ ಸಾದ್ ಕುಲದ ಹಲೀಮಾ ಹಾಲುಣಿಸಿದರು. ಪ್ರವಾದಿಯವರ ಚಿಕ್ಕಪ್ಪ ಹಜ್ರತ್ ಹಂಝಾ (ರ) ಹಾಲಿನ ಸಂಬಂಧದಲ್ಲಿ ಅವರ ಸಹೋದರರೂ ಆಗಿದ್ದರು. ಸೂರಃ ಅಲ್ ಬಕರಃದ 233ನೆಯ ಆಯತ್ತಿನಲ್ಲಿ ಪೂರ್ಣಾವಧಿ ಹಾಲುಣಿಸಬಯಸುವವರಿಗೆ ಎರಡು ವರ್ಷಗಳ ಕಾಲ ಹೇಳಲಾಗಿದೆ. ಇಷ್ಟನ್ನು ಎಲ್ಲರೂ ಬಲ್ಲರು. ಅದೇ ಆಯತ್ತಿನ ಮುಂದಿನ ಭಾಗವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಹಾಲುಣಿಸುವ ತಾಯಿಯ ಊಟ ಬಟ್ಟೆಯ ಹೊಣೆ ತಂದೆಯದು, ಮಗುವಿನ ಕಾರಣದಿಂದ ತಾಯಿಗೂ ತಂದೆಗೂ ಹಾನಿಯಾಗಕೂಡದು, ಪರಸ್ಪರ ಸಮಾಲೋಚಿಸಿ ಒಪ್ಪಿದರೆ ಹಾಲು ಬಿಡಿಸಬಹುದು, ಬೇರೊಬ್ಬರಿಂದ ಕುಡಿಸಲೂಬಹುದು ಎಂಬುದೆಲ್ಲ ಅಲ್ಲಿಯೇ ಇದೆ. ಎಚ್.ಐ.ವಿ. ಬಗ್ಗೆ ಫತ್ವಾ ಕೊಡಲು ನಾನು ಯಾರೂ ಅಲ್ಲ. ಆದರೆ ಆ ಹುಡುಗಿಯ ಪ್ರಶ್ನೆ ಧರ್ಮವನ್ನು ಕೆಣಕುವ ಪ್ರಶ್ನೆಯೇನೂ ಆಗಿರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಹಾಲಿನ ಮೂಲಕ ಕಾಯಿಲೆ ಹರಡಬಹುದೆಂಬ ಶಂಕೆ ಹಳೆಯದು. 1037ರಲ್ಲಿ ನಿಧನರಾದ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ತಾಯಿಯ ಹಾಲೇ ಶ್ರೇಷ್ಠವೆಂದು ಸಾರಿದರು. ಸಾಕುತಾಯಿಯನ್ನು ನೇಮಿಸಬೇಕಾಗಿ ಬಂದರೆ ಅವಳ ವಯಸ್ಸು ಇಪ್ಪತ್ತೈದರಿಂದ ಮೂವತ್ತೈದರೊಳಗೆ ಇರಬೇಕು, ಆರೋಗ್ಯವಂತಳಾಗಿರಬೇಕು ಎಂದು ಬರೆದರು. ಹಾಲಿನ ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟು ಅದು ತೀರ ತೆಳುವೋ ಮಂದವೋ ಎಂದು ನೋಡುವ ಪರೀಕ್ಷೆಯನ್ನೂ ವಿವರಿಸಿದರು. ಯುರೋಪಿನಲ್ಲಿ ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಅನಾಥ ಶಿಶುಗಳಿಗೆ ಹಾಲುಣಿಸಲು ಬಡ ಹಳ್ಳಿಯ ಹೆಂಗಸರನ್ನು ನೇಮಿಸುತ್ತಿದ್ದರು. ಆ ಶಿಶುಗಳಿಂದ ಸಿಫಿಲಿಸ್ ರೋಗ ಅವರಿಗೆ ತಗಲಿ, ಅವರಿಂದ ಅವರ ಸ್ವಂತ ಮಕ್ಕಳಿಗೂ ಹರಡಿದ ದಾರುಣ ಕಥೆಗಳಿವೆ. ಸಿಫಿಲಿಸ್ ವೈರಸ್ಸಿನಿಂದ ಬರುವುದಲ್ಲ. ಆದರೆ ಮಗುವಿನ ಜೀವ ಉಳಿಸಲು ಯಾರ ಜೀವವನ್ನು ಪಣಕ್ಕಿಡಬೇಕು ಎಂಬ ಪ್ರಶ್ನೆ ಅಲ್ಲಿಯೂ ಇತ್ತು, ಉತ್ತರ ಸದಾ ಬಡವರ ವಿರುದ್ಧವೇ ಇತ್ತು.

ಇಪ್ಪತ್ತನೆಯ ಶತಮಾನದಲ್ಲಿ ಡಬ್ಬಿ ಹಾಲು ಬಂತು. ಬಾಟಲಿ ಹಾಲು ಕುಡಿದ ಮಗು ಗುಂಡಗೆ ಬೆಳೆಯುತ್ತದೆಂಬ ಜಾಹೀರಾತುಗಳೂ ಬಂದವು. ಘಾನಾ ದೇಶದಲ್ಲಿ ಕ್ವಾಶಿಯೋರ್ಕರ್ ಎಂಬ ಅಪೌಷ್ಟಿಕತೆಯ ರೋಗವನ್ನು 1933ರಲ್ಲಿ ವಿವರಿಸಿದ್ದ ಡಾ. ಸಿಸಿಲಿ ವಿಲಿಯಮ್ಸ್ ಎಂಬ ಮಹಿಳೆ 1939ರಲ್ಲಿ ಸಿಂಗಪುರದಲ್ಲಿ ಒಂದು ಭಾಷಣ ಮಾಡಿದರು. ಬಡ ಬಾಣಂತಿಯರಿಗೆ ಡಬ್ಬಿ ಹಾಲನ್ನು ಮಾರುವುದು ಕೊಲೆಗೆ ಸಮಾನವೆಂದು ಅವರು ನೇರವಾಗಿಯೇ ಆರೋಪಿಸಿದ್ದರು. ಕೊಳಕು ನೀರಿನಲ್ಲಿ ಕಲಸಿದ ಪುಡಿ, ಕುದಿಸದ ಬಾಟಲಿ, ಖರ್ಚು ಉಳಿಸಲು ತೆಳ್ಳಗೆ ಮಾಡಿದ ಹಾಲು, ಇವು ಮೂರೂ ಸೇರಿದರೆ ಭೇದಿ, ಭೇದಿಯಿಂದ ಸಾವು. ಎಷ್ಟೋ ಚಳವಳಿಗಳ ನಂತರ 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಡಬ್ಬಿ ಹಾಲಿನ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು. 118 ದೇಶಗಳು ಪರವಾಗಿದ್ದವು, ವಿರೋಧಿಸಿದ್ದು ಅಮೆರಿಕ ಒಂದೇ. ಭಾರತ 1992ರಲ್ಲಿ ಇದಕ್ಕಾಗಿಯೇ ಕಾನೂನು ಮಾಡಿತು. ಇಂದು ಪ್ರತಿ ಡಬ್ಬಿಯ ಮೇಲೆ ತಾಯಿಯ ಹಾಲೇ ಉತ್ತಮವೆಂದು ಅಚ್ಚು ಹಾಕಿರುವುದು ಆ ಕಾನೂನಿನಿಂದಲೇ.

ವಿಧಿಯ ಆಟ ನೋಡಿ. ಎದೆಹಾಲಿನ ಪರವಾದ ಹೋರಾಟಕ್ಕೆ ಜಯ ಸಿಕ್ಕಿದ ಆ 1981ನೆಯ ಇಸವಿಯ ಜೂನ್ 5ರಂದೇ ಅಮೆರಿಕದಲ್ಲಿ ಏಡ್ಸ್ ರೋಗದ ಪ್ರಥಮ ವರದಿ ಪ್ರಕಟವಾಯಿತು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ವೈರಸ್ ಪತ್ತೆಯಾಯಿತು. 1985ರಲ್ಲಿ ಆಸ್ಟ್ರೇಲಿಯಾದ ಡಾ. ಜಾನ್ ಝೀಗ್ಲರ್ ಮತ್ತು ಸಂಗಡಿಗರು 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಪುಟ್ಟ ವರದಿಯನ್ನು ಪ್ರಕಟಿಸಿದರು. ಒಬ್ಬ ತಾಯಿಗೆ ಹೆರಿಗೆಯಾದ ನಂತರ ರಕ್ತ ಕೊಡಲಾಗಿತ್ತು. ಆ ರಕ್ತದಲ್ಲಿ ವೈರಸ್ ಇತ್ತು. ಅವಳು ಮಗುವಿಗೆ ಕೆಲವು ವಾರ ಹಾಲುಣಿಸಿದಳು, ಮಗುವಿಗೂ ಸೋಂಕು ತಗಲಿತು. ತಾಯಿಗೆ ಸೋಂಕು ಬಂದದ್ದೇ ಹೆರಿಗೆಯ ನಂತರವಾದ್ದರಿಂದ ಗರ್ಭದಲ್ಲಿ ಬಂತು ಎನ್ನುವಂತಿರಲಿಲ್ಲ. ಉಳಿದದ್ದು ಹಾಲೊಂದೇ. ಅದೇ ವರ್ಷ ಬೆಲ್ಜಿಯಂನ ಸಂಶೋಧಕರು ಎದೆಹಾಲಿನಿಂದಲೇ ವೈರಸ್ಸನ್ನು ಬೇರ್ಪಡಿಸಿ ತೋರಿಸಿದರು. ವರ್ಷ ಮುಗಿಯುವುದರೊಳಗೆ, ಸೋಂಕಿತ ತಾಯಂದಿರು ಹಾಲುಣಿಸಬಾರದು ಎಂದು ಅಮೆರಿಕ ಸರ್ಕಾರದ ಆರೋಗ್ಯ ಇಲಾಖೆ ಸಲಹೆ ನೀಡಿತು.

ಅಮೆರಿಕಕ್ಕೆ ಅದು ಸುಲಭದ ಮಾತು. ನಲ್ಲಿ ತಿರುಗಿಸಿದರೆ ಶುದ್ಧ ನೀರು, ಅಂಗಡಿಯಲ್ಲಿ ಹಾಲಿನ ಪುಡಿ, ಕೊಳ್ಳಲು ಹಣ. ರುವಾಂಡಾ, ಉಗಾಂಡಾ, ಜಾಂಬಿಯಾಗಳ ತಾಯಿ ಏನು ಮಾಡಬೇಕು? 1992ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ಸೇರಿ ಹೇಳಿದ್ದರ ಸಾರಾಂಶ ಇಷ್ಟು: ಎಲ್ಲಿ ಸಾಂಕ್ರಾಮಿಕ ರೋಗ ಮತ್ತು ಅಪೌಷ್ಟಿಕತೆಯಿಂದ ಶಿಶುಗಳು ಸಾಯುತ್ತಿವೆಯೋ ಅಲ್ಲಿ ಸೋಂಕಿದ್ದರೂ ಹಾಲುಣಿಸಲಿ, ಎಲ್ಲಿ ಆ ಭಯವಿಲ್ಲವೋ ಅಲ್ಲಿ ಬೇಡ. ಇದನ್ನು ಓದಿದಾಗ ನನಗೆ ಮೊದಲು ಸಿಟ್ಟೇ ಬಂತು. ಶ್ರೀಮಂತ ದೇಶದ ಮಗುವಿಗೆ ಒಂದು ನಿಯಮ, ಬಡ ದೇಶದ ಮಗುವಿಗೆ ಇನ್ನೊಂದು. ಆದರೆ ಲೆಕ್ಕ ನೋಡಿದ ಮೇಲೆ ಆ ಸಿಟ್ಟು ವೈದ್ಯರ ಮೇಲಿಂದ ನೀರಿನ ಕಡೆಗೆ, ನಲ್ಲಿಯ ಕಡೆಗೆ ತಿರುಗಿತು.

ಲೆಕ್ಕ ಹೀಗಿದೆ. ಯಾವ ಔಷಧಿಯೂ ಇಲ್ಲದ ಆ ದಿನಗಳಲ್ಲಿ ಸೋಂಕಿತ ತಾಯಂದಿರಿಗೆ ಹುಟ್ಟಿದ ನೂರು ಮಕ್ಕಳಲ್ಲಿ ಗರ್ಭ ಮತ್ತು ಹೆರಿಗೆಯ ವೇಳೆ 15ರಿಂದ 25 ಮಕ್ಕಳಿಗೆ ಸೋಂಕು ತಗಲುತ್ತಿತ್ತು. ದೀರ್ಘಕಾಲ ಹಾಲುಣಿಸಿದರೆ ಇನ್ನೂ 5ರಿಂದ 20 ಮಕ್ಕಳಿಗೆ. ಅಂದರೆ ಹೆಚ್ಚಿನ ಮಕ್ಕಳಿಗೆ ಸೋಂಕು ತಗಲುತ್ತಿರಲಿಲ್ಲ. ಕೀನ್ಯಾದ ನೈರೋಬಿಯಲ್ಲಿ ಡಾ. ರೂತ್ ನ್ದುವಾಟಿ ಮತ್ತು ಸಂಗಡಿಗರು ಸೋಂಕಿತ ತಾಯಂದಿರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎದೆಹಾಲು, ಇನ್ನೊಂದಕ್ಕೆ ಡಬ್ಬಿ ಹಾಲು ಎಂದು ಗೊತ್ತುಪಡಿಸಿ ಎರಡು ವರ್ಷ ಗಮನಿಸಿದರು. 2000ದಲ್ಲಿ ಫಲಿತಾಂಶ ಹೊರಬಂತು. ಎದೆಹಾಲಿನ ಗುಂಪಿನಲ್ಲಿ ಶೇ. 36.7 ಮಕ್ಕಳಿಗೆ ಸೋಂಕು, ಡಬ್ಬಿ ಹಾಲಿನ ಗುಂಪಿನಲ್ಲಿ ಶೇ. 20.5. ಡಬ್ಬಿ ಹಾಲು ಗೆದ್ದಿತು ಎನ್ನುತ್ತೀರಾ? ಸತ್ತ ಮಕ್ಕಳ ಪ್ರಮಾಣ ಕ್ರಮವಾಗಿ ಶೇ. 24.4 ಮತ್ತು ಶೇ. 20. ಸಂಖ್ಯಾಶಾಸ್ತ್ರದ ಪ್ರಕಾರ ಇದು ವ್ಯತ್ಯಾಸವೇ ಅಲ್ಲ. ಸೋಂಕಿಲ್ಲದೆ ಬದುಕುಳಿದ ಮಕ್ಕಳು ಡಬ್ಬಿ ಹಾಲಿನ ಗುಂಪಿನಲ್ಲಿ ಹೆಚ್ಚು ಎಂಬುದು ನಿಜ. ಆದರೆ ಅವರು ನಗರದ ನಲ್ಲಿ ನೀರು ಇದ್ದವರು, ಪುಡಿ ಕಲಸುವುದನ್ನು ಹೇಳಿಸಿಕೊಂಡವರು. ಹಳ್ಳಿಯ ಕೆರೆಯ ನೀರಿಗೆ ಆ ಲೆಕ್ಕ ಹೊಂದುವುದಿಲ್ಲ.

ಇದಕ್ಕೆ ಒಂದು ವರ್ಷ ಮೊದಲು, 1999ರಲ್ಲಿ, ದಕ್ಷಿಣ ಆಫ್ರಿಕಾದ ಡರ್ಬನ್ನಿನಿಂದ ಒಂದು ಅಚ್ಚರಿಯ ಸುದ್ದಿ ಬಂದಿತ್ತು. ಅನ್ನಾ ಕುಟ್ಸೂಡಿಸ್ ಮತ್ತು ಅವರ ಸಹೋದ್ಯೋಗಿಗಳು ಮಕ್ಕಳನ್ನು ಎರಡಲ್ಲ, ಮೂರು ಗುಂಪಾಗಿ ನೋಡಿದರು. ಎದೆಹಾಲನ್ನೇ ಕುಡಿಯದ ಮಕ್ಕಳು, ಬರೀ ಎದೆಹಾಲು ಕುಡಿದ ಮಕ್ಕಳು, ಎದೆಹಾಲಿನ ಜೊತೆಗೆ ನೀರು, ಗಂಜಿ, ಬೇರೆ ಹಾಲು ಎಲ್ಲವನ್ನೂ ಕುಡಿದ ಮಕ್ಕಳು. ಮೂರು ತಿಂಗಳ ಹೊತ್ತಿಗೆ ಎರಡನ್ನೂ ಬೆರೆಸಿ ಕುಡಿದವರಲ್ಲಿ ಶೇ. 24.1 ಸೋಂಕು. ಎದೆಹಾಲನ್ನೇ ಕುಡಿಯದವರಲ್ಲಿ ಶೇ. 18.8. ಬರೀ ಎದೆಹಾಲು ಕುಡಿದವರಲ್ಲಿ ಶೇ. 14.6 ಮಾತ್ರ! ಮೊದಮೊದಲು ಯಾರೂ ನಂಬಲಿಲ್ಲ. ಜಿಂಬಾಬ್ವೆಯಿಂದ 2005ರಲ್ಲಿ ಬಂದ ಅಧ್ಯಯನವೂ, ದಕ್ಷಿಣ ಆಫ್ರಿಕಾದಿಂದಲೇ 2007ರಲ್ಲಿ ಬಂದ ದೊಡ್ಡ ಅಧ್ಯಯನವೂ ಅದನ್ನೇ ಹೇಳಿದವು. ಎಳೆ ಕೂಸಿನ ಕರುಳಿನ ಒಳಪದರ ಬಹಳ ಸೂಕ್ಷ್ಮ. ಹೊರಗಿನ ಆಹಾರ, ಕೊಳಕು ನೀರು ಅದನ್ನು ಕೆರಳಿಸಿ ಗಾಯ ಮಾಡಿದರೆ ಹಾಲಿನಲ್ಲಿರುವ ವೈರಸ್ಸಿಗೆ ಬಾಗಿಲು ತೆರೆದಂತಾಗುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಮಗು ಮಧ್ಯೆ ಮಧ್ಯೆ ಹಾಲು ಬಿಟ್ಟಾಗ ತಾಯಿಯ ಎದೆಯಲ್ಲಿ ಹಾಲು ಕಟ್ಟಿ ಬಾವು ಬಂದರೆ ಹಾಲಿನಲ್ಲಿ ವೈರಸ್ಸಿನ ಪ್ರಮಾಣವೂ ಏರುತ್ತದೆ.

ಇಲ್ಲಿ ಸ್ವಲ್ಪ ನಿಂತು ನಮ್ಮ ಮನೆಗಳ ಕಡೆಗೆ ನೋಡೋಣ. ಕೂಸು ಹುಟ್ಟಿದ ಕೂಡಲೆ ಅದಕ್ಕೆ ಸಕ್ಕರೆ ನೀರು, ಜೇನು, ಘುಟ್ಟಿ. ಆಮೇಲೆ ಬಜೆ ತೇಯ್ದು ನೆಕ್ಕಿಸುವುದು, ಹರಳೆಣ್ಣೆ, ಹೊಟ್ಟೆನೋವಿಗೆ ಗ್ರೈಪ್ ವಾಟರ್, ಬೇಸಿಗೆಯಾದರೆ ಒಳಲೆಯಲ್ಲಿ ನೀರು. "ಬರೀ ಎದೆಹಾಲಿನಲ್ಲಿ ಮಗುವಿನ ಹೊಟ್ಟೆ ತುಂಬುವುದಿಲ್ಲ" ಎಂದು ಹೇಳದ ಅಜ್ಜಿ ಯಾವ ಊರಿನಲ್ಲಿದ್ದಾಳೆ? ಹಿಂದೂ ಮನೆಯಾದರೇನು, ಮುಸ್ಲಿಂ ಮನೆಯಾದರೇನು, ಈ ವಿಷಯದಲ್ಲಿ ನಾವೆಲ್ಲ ಒಂದೇ. ಗಿಣ್ಣು ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವವರೂ ಇದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ತಹ್ನೀಕ್‌ನಲ್ಲಿ ಕೂಸಿನ ಅಂಗುಳಿಗೆ ಸವರುವ ಎಳ್ಳಷ್ಟು ಖರ್ಜೂರದ ಮಾತು ಬೇರೆ, ಅದು ಒಂದು ದಿನದ್ದು. ನಾನು ಹೇಳುತ್ತಿರುವುದು ದಿನವೂ ನಡೆಯುವ ಘುಟ್ಟಿಯ ಬಗ್ಗೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡವೆಂದು ವೈದ್ಯರು ಬೇರೆ ಕಾರಣಕ್ಕೂ ಹೇಳುತ್ತಾರೆ. ಸೋಂಕಿಲ್ಲದ ತಾಯಿಯ ಮಗುವಿಗೆ ಘುಟ್ಟಿಯಿಂದ ಭೇದಿ ಆದೀತು. ಸೋಂಕಿರುವ ತಾಯಿ ಮನೆಯಲ್ಲಿ ವಿಷಯವನ್ನು ಬಾಯಿ ಬಿಡದೆ ಅಂಜಿಕೊಂಡಿದ್ದರೆ, ಪ್ರೀತಿಯಿಂದ ಕುಡಿಸಿದ ಅದೇ ಘುಟ್ಟಿ ಮಗುವಿಗೆ ಇನ್ನೂ ದೊಡ್ಡ ಅಪಾಯ ತರಬಲ್ಲುದು.

ಬಾಯಿ ಬಿಡದೆ ಅಂಜಿಕೊಂಡಿರುವುದು ಎಂದೆನಲ್ಲ, ಅದೇ ಈ ಚರಿತ್ರೆಯ ಒಳಗುಟ್ಟು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐದು ಷರತ್ತುಗಳನ್ನು ಹೇಳಿತು. ಬದಲಿ ಹಾಲು ಸಮಾಜಕ್ಕೆ ಒಪ್ಪಿಗೆಯಾಗುವಂತಿರಬೇಕು, ಸಾಧ್ಯವಿರಬೇಕು, ಕೊಳ್ಳುವ ಶಕ್ತಿ ಇರಬೇಕು, ನಿರಂತರ ಸಿಗಬೇಕು, ಸುರಕ್ಷಿತವಾಗಿರಬೇಕು. ಈ ಐದೂ ಇದ್ದರೆ ಎದೆಹಾಲು ಬೇಡ, ಇಲ್ಲದಿದ್ದರೆ ಮೊದಲ ತಿಂಗಳುಗಳಲ್ಲಿ ಬರೀ ಎದೆಹಾಲು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ನಿರ್ಧಾರದ ಭಾರವೆಲ್ಲ ಹೆರಿಗೆಯಾಗಿ ಸುಸ್ತಾದ ಒಬ್ಬ ಹೆಣ್ಣುಮಗಳ ತಲೆಯ ಮೇಲೆ ಬಿತ್ತು. ಹಾಲುಣಿಸದಿದ್ದರೆ "ಯಾಕಮ್ಮ, ಏನಾಗಿದೆ ನಿನಗೆ?" ಎಂದು ಅಕ್ಕಪಕ್ಕದವರು ಕೇಳುತ್ತಾರೆ, ಅತ್ತೆ ಕೇಳುತ್ತಾಳೆ. ಬಾಟಲಿಯೇ ರೋಗದ ಚೀಟಿಯಾಗುತ್ತದೆ. ಆದ್ದರಿಂದ ಜನರ ಎದುರಿಗೆ ಎದೆಹಾಲು, ಮರೆಯಲ್ಲಿ ಬಾಟಲಿ. ಅತ್ಯಂತ ಅಪಾಯಕಾರಿ ಎಂದು ವಿಜ್ಞಾನ ಹೇಳಿದ ದಾರಿಗೆ ಸಮಾಜವೇ ಅವಳನ್ನು ನೂಕಿತು.

ಬೋಟ್ಸ್ವಾನಾ ದೇಶದ ಕಥೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅದು ವಜ್ರದ ಗಣಿಗಳಿರುವ, ಆಫ್ರಿಕಾದ ಮಟ್ಟಿಗೆ ಅನುಕೂಲಸ್ಥ ದೇಶ. ಅಲ್ಲಿನ ಸರ್ಕಾರ ಸೋಂಕಿತ ತಾಯಂದಿರಿಗೆ ಔಷಧಿಯ ಜೊತೆಗೆ ಡಬ್ಬಿ ಹಾಲನ್ನೂ ಉಚಿತವಾಗಿ ಕೊಡುತ್ತಿತ್ತು. ಉದ್ದೇಶ ಒಳ್ಳೆಯದೇ. 2006ರ ಆರಂಭದಲ್ಲಿ ಭಾರಿ ಮಳೆ ಬಂದು ನೆರೆಯಾಯಿತು, ಕುಡಿಯುವ ನೀರು ಕಲುಷಿತವಾಯಿತು. ಮಕ್ಕಳಲ್ಲಿ ಭೇದಿ ಕಾಳ್ಗಿಚ್ಚಿನಂತೆ ಹರಡಿತು. ನೂರಾರು ಮಕ್ಕಳು ಸತ್ತವು. ತನಿಖೆ ಮಾಡಿದ ತಜ್ಞರಿಗೆ ಕಂಡದ್ದು ಏನೆಂದರೆ, ಆಸ್ಪತ್ರೆ ಸೇರಿದ ಎಳೆಯ ಮಕ್ಕಳಲ್ಲಿ ಬಹುಪಾಲು ಎದೆಹಾಲು ಕುಡಿಯದ ಮಕ್ಕಳು. ಅದೇ ವರ್ಷ ಅದೇ ದೇಶದಲ್ಲಿ ನಡೆದ 'ಮಾಶಿ' ಎಂಬ ಅಧ್ಯಯನದ ಫಲಿತಾಂಶವೂ ಪ್ರಕಟವಾಯಿತು. ಏಳು ತಿಂಗಳ ಹೊತ್ತಿಗೆ ಡಬ್ಬಿ ಹಾಲಿನ ಮಕ್ಕಳಲ್ಲಿ ಸೋಂಕು ಶೇ. 5.6, ಎದೆಹಾಲಿನವರಲ್ಲಿ ಶೇ. 9. ಸಾವು ಮಾತ್ರ ತಿರುಗುಮುರುಗು: ಡಬ್ಬಿ ಹಾಲಿನವರಲ್ಲಿ ಶೇ. 9.3, ಎದೆಹಾಲಿನವರಲ್ಲಿ ಶೇ. 4.9. ಎಚ್.ಐ.ವಿ.ಯಿಂದ ಉಳಿಸಿಕೊಂಡ ಮಗುವನ್ನು ಭೇದಿಗೆ ಒಪ್ಪಿಸಿದಂತಾಯಿತು. ಎರಡನ್ನೂ ತೂಗಿ ನಾಲ್ಕು ತಿಂಗಳಿಗೆ ಥಟ್ಟನೆ ಹಾಲು ಬಿಡಿಸಿದರೆ ಹೇಗೆ ಎಂದು ಜಾಂಬಿಯಾದಲ್ಲಿ ಪ್ರಯೋಗ ಮಾಡಿ ನೋಡಿದರು. ಅದರಿಂದಲೂ ಪ್ರಯೋಜನವಿಲ್ಲವೆಂದು 2008ರಲ್ಲಿ ತಿಳಿದುಬಂತು.

ಭಾರತದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ ಚೆನ್ನೈಯಲ್ಲಿ, ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ. ಮುಂದೆ ಸೋಂಕು ಹೆಚ್ಚಿದ್ದ ಆರು ರಾಜ್ಯಗಳ ಪಟ್ಟಿಯಲ್ಲಿ ನಮ್ಮ ಕರ್ನಾಟಕವೂ ಇತ್ತು. ಉಗಾಂಡಾದಲ್ಲಿ 1999ರಲ್ಲಿ ಸಿದ್ಧವಾದ ಒಂದು ಸರಳ ಉಪಾಯವೆಂದರೆ, ಹೆರಿಗೆ ನೋವಿನ ಸಮಯದಲ್ಲಿ ತಾಯಿಗೆ ನೆವಿರಪಿನ್ ಎಂಬ ಒಂದು ಮಾತ್ರೆ, ಹುಟ್ಟಿದ ಮಗುವಿಗೆ ಅದೇ ಔಷಧಿಯ ಒಂದು ಗುಟುಕು. ಇದರಿಂದ ಸೋಂಕು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತಿತ್ತು. ಭಾರತವೂ 2002ರ ಸುಮಾರಿಗೆ ಅದನ್ನು ಕಾರ್ಯಕ್ರಮವಾಗಿ ಜಾರಿಗೆ ತಂದಿತು. ಆದರೆ ಒಂದು ಮಾತ್ರೆ ಹೆರಿಗೆಯ ಹೊತ್ತನ್ನು ಕಾಯುತ್ತದೆಯೇ ಹೊರತು ಮುಂದಿನ ಎರಡು ವರ್ಷದ ಹಾಲನ್ನು ಕಾಯುವುದಿಲ್ಲ. ಪುಣೆಯ ಬಿ.ಜೆ. ವೈದ್ಯಕೀಯ ಕಾಲೇಜಿನ ಸಂಶೋಧಕರು 2003ರಲ್ಲೇ ಒಂದು ಎಚ್ಚರಿಕೆ ಕೊಟ್ಟಿದ್ದರು. ಸೋಂಕಿತ ತಾಯಂದಿರ ಮಕ್ಕಳಲ್ಲಿ ಬದಲಿ ಹಾಲು ಕುಡಿದವರೇ ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಿದ್ದಾರೆ ಎಂದು. ಬೋಟ್ಸ್ವಾನಾದ ದುರಂತಕ್ಕೆ ಮೂರು ವರ್ಷ ಮೊದಲೇ ನಮ್ಮ ನೆರೆರಾಜ್ಯದಲ್ಲಿ ಹೇಳಿದ ಮಾತಿದು. ಆರು ವಾರಗಳ ಕಾಲ ಮಗುವಿಗೆ ನೆವಿರಪಿನ್ ಕುಡಿಸಿ, ಹಾಲುಣಿಸುವುದನ್ನು ಸುರಕ್ಷಿತಗೊಳಿಸುವ ಪ್ರಯೋಗದಲ್ಲಿ ಇಥಿಯೋಪಿಯಾ, ಉಗಾಂಡಾಗಳ ಜೊತೆಗೆ ಪುಣೆಯೂ ಇತ್ತು. ಅದರ ಫಲಿತಾಂಶ 2008ರಲ್ಲಿ ಬಂತು.

ಅಂತೂ ಗಂಟು ಬಿಚ್ಚಿದ್ದು ಹಾಲನ್ನು ನಿಲ್ಲಿಸಿ ಅಲ್ಲ, ಔಷಧಿಯನ್ನು ಮುಂದುವರಿಸಿ. ತಾಯಿ ದಿನವೂ ಎ.ಆರ್.ಟಿ. ಮಾತ್ರೆಗಳನ್ನು ತೆಗೆದುಕೊಂಡರೆ ಅವಳ ರಕ್ತದಲ್ಲಿಯೂ ಹಾಲಿನಲ್ಲಿಯೂ ವೈರಸ್ ಕುಗ್ಗುತ್ತದೆ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧಿಯ ರಕ್ಷಣೆಯಲ್ಲಿ ಒಂದು ವರ್ಷ ಹಾಲುಣಿಸಬಹುದು ಎಂದಿತು. ದಕ್ಷಿಣ ಆಫ್ರಿಕಾ 2011ರಲ್ಲಿ ಉಚಿತ ಡಬ್ಬಿ ಹಾಲನ್ನು ಕೈಬಿಡಲು ನಿರ್ಧರಿಸಿತು. ಅದೇ ವರ್ಷ ಬಡ ದೇಶವಾದ ಮಲಾವಿ, ರಕ್ತದ ಲೆಕ್ಕಾಚಾರಕ್ಕೆ ಕಾಯದೆ ಪ್ರತಿಯೊಬ್ಬ ಸೋಂಕಿತ ಗರ್ಭಿಣಿಗೂ ಜೀವನಪರ್ಯಂತ ಔಷಧಿ ಕೊಡುವ ದಾರಿ ತೋರಿಸಿತು. ಭಾರತ 2014ರಲ್ಲಿ ಅದೇ ದಾರಿ ಹಿಡಿಯಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇನ್ನೂ ಮುಂದೆ ಹೋಯಿತು. ಮೊದಲ ಆರು ತಿಂಗಳು ಬರೀ ಎದೆಹಾಲು, ಆಮೇಲೆ ಮೇಲು ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು, ತಾಯಿ ಮಾತ್ರೆ ತಪ್ಪಿಸಬಾರದು ಎಂಬುದೊಂದೇ ಷರತ್ತು. ಹೀಗೆ ನಡೆದುಕೊಂಡರೆ ಹಾಲಿನಿಂದ ಸೋಂಕು ತಗಲುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಸೊನ್ನೆ ಅಲ್ಲ, ಆದರೆ ಒಂದಕ್ಕಿಂತ ಕಡಿಮೆ. ಎರಡು ವರ್ಷ! ಇದನ್ನು ಓದಿದಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ವೈರಸ್ ಎಂದರೆ ಎಚ್.ಐ.ವಿ. ಒಂದೇ ಅಲ್ಲ. ಹೆಪಟೈಟಿಸ್ ಬಿ ಇರುವ ತಾಯಿ ಹಾಲುಣಿಸಬಾರದೆಂದು ಇಂದಿಗೂ ಹಲವರು ಹೆದರಿಸುತ್ತಾರೆ. ತೈವಾನಿನ ಅಧ್ಯಯನವೊಂದು 1975ರಷ್ಟು ಹಿಂದೆಯೇ ಹಾಲು ಕುಡಿದ ಮಕ್ಕಳಿಗೂ ಕುಡಿಯದವರಿಗೂ ಸೋಂಕಿನಲ್ಲಿ ವ್ಯತ್ಯಾಸವಿಲ್ಲವೆಂದು ತೋರಿಸಿದೆ. ಹುಟ್ಟಿದ ಇಪ್ಪತ್ನಾಲ್ಕು ಗಂಟೆಯೊಳಗೆ ಲಸಿಕೆ ಹಾಕಿಸುವುದು ಮುಖ್ಯ, ಹಾಲು ನಿಲ್ಲಿಸುವುದಲ್ಲ. ಜಪಾನಿನ ಕಥೆ ಇದಕ್ಕೆ ವಿರುದ್ಧ. ಅಲ್ಲಿನ ನೈರುತ್ಯ ಭಾಗದಲ್ಲಿ ಎಚ್.ಟಿ.ಎಲ್.ವಿ.-1 ಎಂಬ ವೈರಸ್ ಇದೆ. ಅದು ದಶಕಗಳ ನಂತರ ಕೆಲವರಲ್ಲಿ ರಕ್ತದ ಕ್ಯಾನ್ಸರ್ ತರುತ್ತದೆ, ಹರಡುವುದು ಮುಖ್ಯವಾಗಿ ಎದೆಹಾಲಿನಿಂದ. ನಾಗಸಾಕಿಯಲ್ಲಿ 1987ರಲ್ಲಿ ಗರ್ಭಿಣಿಯರ ರಕ್ತ ಪರೀಕ್ಷೆ ಮಾಡಿ, ಸೋಂಕಿದ್ದವರಿಗೆ ಹಾಲುಣಿಸದಂತೆ ಸಲಹೆ ಕೊಡುವ ಕಾರ್ಯಕ್ರಮ ಆರಂಭವಾಯಿತು. ಮಕ್ಕಳಿಗೆ ಸೋಂಕು ತಗಲುವ ಪ್ರಮಾಣ ಶೇ. 20ರಿಂದ ಶೇ. 2.5ರ ಆಸುಪಾಸಿಗೆ ಇಳಿಯಿತು. ಅಲ್ಲಿ ಬಾಟಲಿ ಹಾಲಿನಿಂದ ಮಕ್ಕಳು ಸಾಯಲಿಲ್ಲ, ಏಕೆಂದರೆ ಅಲ್ಲಿ ನೀರು ಶುದ್ಧವಾಗಿತ್ತು. 2020ರಲ್ಲಿ ಕೋವಿಡ್ ಬಂದಾಗ ನಮ್ಮಲ್ಲೂ ಕೆಲವೆಡೆ ಬಾಣಂತಿ ಒಂದು ಕೋಣೆಯಲ್ಲಿ, ಕೂಸು ಇನ್ನೊಂದು ಕೋಣೆಯಲ್ಲಿ ಇದ್ದದ್ದು ನೆನಪಿರಬಹುದು. ಹಾಲುಣಿಸಲು ಅಡ್ಡಿಯಿಲ್ಲ, ಮಾಸ್ಕ್ ಧರಿಸಿ ಕೈ ತೊಳೆದರೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಆ ವರ್ಷವೇ ಸ್ಪಷ್ಟಪಡಿಸಿತು. ಈ ಸಲ ಉತ್ತರ ಸಿಗಲು ಮೂವತ್ತು ವರ್ಷ ಹಿಡಿಯಲಿಲ್ಲ.

ತಾಯಿಯಿಂದ ಮಗುವಿಗೆ ಎಚ್.ಐ.ವಿ. ಹರಡುವುದನ್ನು ತಡೆಗಟ್ಟಿದ ದೇಶಗಳೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದವುಗಳಲ್ಲಿ 2015ರಲ್ಲಿ ಕ್ಯೂಬಾ ಮೊದಲನೆಯದು. 2018ರಲ್ಲಿ ಮಲೇಷ್ಯಾ, 2019ರಲ್ಲಿ ನಮ್ಮ ನೆರೆಯ ಶ್ರೀಲಂಕಾ ಮತ್ತು ಮಾಲ್ಡೀವ್ಸ್ ಆ ಸಾಲಿಗೆ ಸೇರಿದವು. 2006ರಲ್ಲಿ ಮಕ್ಕಳನ್ನು ಕಳೆದುಕೊಂಡ ಬೋಟ್ಸ್ವಾನಾಕ್ಕೆ 2021ರ ಡಿಸೆಂಬರಿನಲ್ಲಿ, ಆ ಗುರಿಯ ಹಾದಿಯಲ್ಲಿ ಬಹುದೂರ ಸಾಗಿದ ದೇಶವೆಂಬ ಮನ್ನಣೆ ಸಿಕ್ಕಿತು. ಸೋಂಕು ಅಷ್ಟು ಹೆಚ್ಚಿರುವ ದೇಶಗಳಲ್ಲಿ ಅದೇ ಪ್ರಥಮ. ಇನ್ನು 1985ರಲ್ಲಿ ಹಾಲುಣಿಸಲೇಬಾರದು ಎಂದಿದ್ದ ಅಮೆರಿಕ 2023ರ ಜನವರಿಯಲ್ಲಿ ತನ್ನ ಮಾರ್ಗಸೂಚಿಯನ್ನು ಬದಲಿಸಿತು. ಔಷಧಿಯಿಂದ ವೈರಸ್ ಹತೋಟಿಯಲ್ಲಿರುವ ತಾಯಿ ಹಾಲುಣಿಸಲು ಬಯಸಿದರೆ ವೈದ್ಯರು ಅವಳೊಂದಿಗೆ ಕುಳಿತು ಸಮಾಲೋಚಿಸಿ, ಅವಳಿಗೆ ಬೆಂಬಲ ಕೊಡಬೇಕು ಎಂದು ಅದರಲ್ಲಿದೆ.

ನನ್ನ ವಿದ್ಯಾರ್ಥಿನಿಗೆ ಉತ್ತರ ಹೇಳುವ ಹೊತ್ತಿಗೆ ಅವಳು ಹತ್ತನೆಯ ತರಗತಿಗೆ ಬಂದಿದ್ದಳು. ಎಲ್ಲವನ್ನೂ ಕೇಳಿ, "ಮಿಸ್, ಹಾಗಾದರೆ ಗೋಡೆಯ ಮೇಲೆ ಅರ್ಧ ಮಾತ್ರ ಬರೆದಿದ್ದಾರೆ" ಎಂದಳು.